ಎಂಟು ತುಂಡಿನ ಕುದುರೆಮುಖ: ಹಳೆಯ ಒಂದಿಂಚಿನ ನಕ್ಷೆಯ ರಿಪೇರಿ

ಹಳೆಯ ನಕ್ಷೆ ಕೈಗೆ ಸಿಕ್ಕಿದರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ನಮ್ಮ ಮಂಗಳೂರಲ್ಲಿ ಜಾತಕ, ಆರ್‌ಟಿಸಿ, ಅಜ್ಜನ ಫೋಟೋ ಎಲ್ಲವೂ ಕೊನೆಗೆ ಲ್ಯಾಮಿನೇಶನ್ ಅಂಗಡಿಗೇ ಹೋಗುತ್ತವೆ. ಮಳೆಗಾಲದ ತೇವಕ್ಕೆ ಹೆದರಿ ಮಾಡಿಸುತ್ತಾರೆ, ಅದು ಅರ್ಥವಾಗುವ ಮಾತೇ. ಆದರೆ ಬಿಸಿ ರೋಲರಿನಲ್ಲಿ ಕರಗಿದ ಪ್ಲಾಸ್ಟಿಕ್ ಅಂಟು ಕಾಗದದ ನಾರಿನೊಳಗೆ ಇಳಿದುಬಿಟ್ಟರೆ ಕಾಗದ ಹಾಳಾಗದಂತೆ ಅದನ್ನು ಬಿಡಿಸುವುದು ಬಹಳ ಕಷ್ಟ. ಕಾಗದದಲ್ಲಿದ್ದ ಆಮ್ಲವೂ ಒಳಗೇ ಉಳಿಯುತ್ತದೆ.

ನಾನು ಈ ಸಲ ರಿಪೇರಿ ಮಾಡಿದ ನಕ್ಷೆಗೆ ಹಾಕಿದ ಪ್ರತಿಯೊಂದು ಅಂಟೂ ಸ್ವಲ್ಪ ನೀರು ಮುಟ್ಟಿಸಿದರೆ ಬಿಡುತ್ತದೆ. ನಾಳೆ ನನಗಿಂತ ಚೆನ್ನಾಗಿ ಮಾಡಬಲ್ಲವರು ಬಂದರೆ ನನ್ನ ಕೆಲಸವನ್ನೆಲ್ಲ ತೆಗೆದು ಹೊಸದಾಗಿ ಮಾಡಬಹುದು. ಕಾಗದದ ರಿಪೇರಿಯಲ್ಲಿ ನಾನು ಬಿಟ್ಟುಕೊಡದ ನಿಯಮ ಇದೊಂದೇ.

ನಕ್ಷೆ ಸರ್ವೆ ಆಫ್ ಇಂಡಿಯಾದ್ದು. ನೆಲದ ಒಂದು ಮೈಲಿಗೆ ಹಾಳೆಯಲ್ಲಿ ಒಂದು ಇಂಚು, ಅಂದರೆ 1:63,360. ಹಾಳೆಯ ನಂಬರು 48 ಓ/8. ಈ ನಂಬರಿನ ಲೆಕ್ಕ ಗೊತ್ತಿದ್ದರೆ ಜಾಗ ತಾನಾಗಿಯೇ ಸಿಗುತ್ತದೆ. 48 ಅಂದರೆ ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿ, ಪೂರ್ವ ರೇಖಾಂಶ 72ರಿಂದ 76 ಡಿಗ್ರಿಯ ಚೌಕ. ಅದನ್ನು ಒಂದೊಂದು ಡಿಗ್ರಿಯ 16 ಮನೆಗಳಾಗಿ ಮಾಡಿ ಎಯಿಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಅಕ್ಷರಗಳು ಮೇಲಿಂದ ಕೆಳಗೆ ಇಳಿದು, ಆಮೇಲೆ ಬಲಕ್ಕೆ ಸರಿಯುತ್ತವೆ. ಒಂದೊಂದು ಅಕ್ಷರದ ಮನೆಯಲ್ಲೂ ಮತ್ತೆ 15 ಮಿನಿಟಿನ 16 ಹಾಳೆ. ಮಂಗಳೂರು 48 ಎಲ್‌ನಲ್ಲಿ ಬೀಳುತ್ತದೆ, ಉಡುಪಿ 48 ಕೆಯಲ್ಲಿ. ನನ್ನ ಕೈಲಿದ್ದ ಹಾಳೆ 13°00′ರಿಂದ 13°15′, 75°15′ರಿಂದ 75°30′. ಕುದುರೆಮುಖದ ಶಿಖರ, ಬಲ್ಲಾಳರಾಯನ ದುರ್ಗ, ಕಳಸ, ಚಾರ್ಮಾಡಿ, ಜಮಾಲಾಬಾದ್ ಕೋಟೆ ಇರುವ ನಮ್ಮ ಗಡಾಯಿಕಲ್ಲು, ಇಷ್ಟೂ ಇದೊಂದರಲ್ಲೇ ಇದೆ. ಘಟ್ಟದ ನೆತ್ತಿ ಹಾಳೆಯ ಮಧ್ಯದಲ್ಲಿ ಹಾದುಹೋಗುತ್ತದೆ. ನೆತ್ತಿಯಿಂದ ಆಚೆ ಬಿದ್ದ ಮಳೆಯ ಹೆಚ್ಚಿನ ಪಾಲು ಭದ್ರೆಗೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈಚೆ ಬಿದ್ದದ್ದು ನೇತ್ರಾವತಿಯಾಗಿ ಮಂಗಳೂರಿನ ಅಳಿವೆಗೆ ಬರುತ್ತದೆ. ಕೆಲವು ಕಡೆ ಈ ಎರಡು ನೀರಿನ ಹಳ್ಳಗಳ ತಲೆ ನಕ್ಷೆಯಲ್ಲಿ ಒಂದು ಬೆರಳಿನ ಅಂತರದಲ್ಲಿವೆ. ಈ ನಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು.

ಇಸವಿ ಅಚ್ಚಾಗಿದ್ದ ಅಂಚನ್ನು ಗೆದ್ದಲು ತಿಂದಿದೆ. ಆದರೂ ಕಾಲ ಹಿಡಿಯಬಹುದು. ಇಂಥ ಬಣ್ಣದ, ಈ ನಂಬರಿನ ಹೊಸ ಸರಣಿ ಶುರುವಾದದ್ದು 1904-05ರ ಸರ್ವೆ ಸಮಿತಿಯ ಶಿಫಾರಸಿನ ನಂತರ. ಇನ್ನೊಂದು ಕಡೆ, ಘಟ್ಟದ ಮೇಲಿನ ಭಾಗಕ್ಕೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ ಅಂತ ಅಚ್ಚಾಗಿದೆ. ಆ ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂದದ್ದು 1947ರಲ್ಲಿ. ಕೆಳಗಿನ ಭಾಗ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ. ಹಾಗಾಗಿ ಇದು ಆ ನಾಲ್ಕು ದಶಕದ ಒಳಗಿನ ಹಾಳೆ. ಸ್ವಾತಂತ್ರ್ಯದ ನಂತರ ಕರಾವಳಿಯ ಟೋಪೋಶೀಟ್‌ಗಳು (ಇಂಥ ವಿವರವಾದ ಸರ್ವೆ ನಕ್ಷೆಗಳು) ಬಹುಕಾಲ ನಿರ್ಬಂಧಿತವಾಗಿದ್ದವು, ಸುಮ್ನೆ ಹೋಗಿ ಕೊಂಡುಕೊಳ್ಳುವ ಹಾಗಿರಲಿಲ್ಲ. ಅದಕ್ಕೇ ನಮ್ಮ ಕಡೆಯ ಮನೆಗಳಲ್ಲಿ ಉಳಿದಿರುವ ಹಳೆಯ ಹಾಳೆಗಳಿಗೆ ಇಷ್ಟು ಬೆಲೆ.

ಇದು ನನ್ನ ಸೋದರಮಾವನ ಮನೆಯದ್ದು. ಅವರ ತೋಟ ಚಾರ್ಮಾಡಿ ಕಡೆ, ಮೃತ್ಯುಂಜಯ ಹೊಳೆಯ ಬದಿ. 2019ರ ಆಗಸ್ಟಿನಲ್ಲಿ ಘಟ್ಟ ಜರಿದು ಹೊಳೆ ಮರ, ಕಲ್ಲು, ಮರಳು ಹೊತ್ತು ತಂದಿತಲ್ಲ, ಆಗ ಅವರ ಅಡಿಕೆ ತೋಟದ ಒಂದು ಭಾಗ ಮರಳಿನ ಅಡಿ ಹೋಯಿತು. "ಹೊಳೆ ಮೊದಲು ಎಲ್ಲಿ ಹರೀತಿತ್ತು ಅಂತ ಇದ್ರಲ್ಲಿ ಗೊತ್ತಾಗ್ತದಾ ಮಾರಾಯ?" ಅಂತ ಅವರು ಕೇಳಿದ್ದರಿಂದಲೇ ಈ ಕೆಲಸ ಶುರುವಾದದ್ದು.

ಮೊದಲ ನೋಟ

ಹಾಳೆಯನ್ನು ಎಂಟು ತುಂಡಾಗಿ ಕತ್ತರಿಸಿ, ನಡುವೆ ಸಣ್ಣ ಸಂದು ಬಿಟ್ಟು ಬಟ್ಟೆಗೆ ಅಂಟಿಸಿದ್ದಾರೆ. ಮೇಲೆ ನಾಲ್ಕು, ಕೆಳಗೆ ನಾಲ್ಕು. ಕ್ಯಾಂಪಿಗೆ, ಕಾಡಿಗೆ ಒಯ್ಯುವ ನಕ್ಷೆಗಳನ್ನು ಹೀಗೆ ಮಾಡಿಸುತ್ತಿದ್ದರು. ಮಡಚಿದರೆ ಬಟ್ಟೆ ಮಡಚುತ್ತದೆ, ಕಾಗದ ಮುರಿಯುವುದಿಲ್ಲ. ಬಹಳ ಜಾಣ ಉಪಾಯ. ಇಲ್ಲಿ ಕಾಗದ ಗಟ್ಟಿಯಾಗಿಯೇ ಇತ್ತು, ಸೋತದ್ದು ಬಟ್ಟೆ. ನಡುವಿನ ಮಡಿಕೆಯಲ್ಲಿ ಬಟ್ಟೆ ಉದ್ದಕ್ಕೆ ಹರಿದಿತ್ತು. ಕೆಳಗಿನ ಎರಡು ತುಂಡುಗಳ ಅಂಚು ಬಟ್ಟೆಯಿಂದ ಎದ್ದಿತ್ತು. ನೈರುತ್ಯ ಮೂಲೆಯನ್ನು ಗೆದ್ದಲು ತಿಂದಿತ್ತು, ಆದರೆ ಗಡಾಯಿಕಲ್ಲಿನ ಬುಡಕ್ಕೆ ಬರುವ ಮೊದಲೇ ನಿಂತಿತ್ತು. ಹರಿದ ಕಡೆ ಯಾರೋ ಸೆಲ್ಲೊಟೇಪ್ ಹಾಕಿದ್ದರು, ಅದು ಕಂದು ಬಣ್ಣಕ್ಕೆ ತಿರುಗಿತ್ತು. ಬಟ್ಟೆಯ ಬೆನ್ನಿಗೆ ನೇರಳೆ ಬಣ್ಣದ ಒಂದು ರಬ್ಬರ್ ಸೀಲು.

ಈ ಕೆಲಸವನ್ನು ಜೂನ್, ಜುಲೈಯಲ್ಲಿ ಹಿಡಿಯಲೇಬಾರದು. ಹಸಿ ಅಂಟು ಒಣಗುವ ಮೊದಲೇ ಬೂಷ್ಟು ಬರುತ್ತದೆ. ದೀಪಾವಳಿ ಕಳೆದು, ಬೆಳಗಿನ ಹೊತ್ತು ಗಾಳಿ ಒಣಗಿದ ಮೇಲೆ ಕೈಹಾಕಿದೆ.

ಹುಳ ಇದ್ದ ಕಾಗದಕ್ಕೆ ಮೊದಲ ಚಿಕಿತ್ಸೆ ಚಳಿ. ಗಾಳಿಯಾಡದ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, −18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಮೊಟ್ಟೆ, ಮರಿ ಎಲ್ಲ ಸಾಯುತ್ತವೆ, ಔಷಧಿಯ ಗೊಡವೆ ಇಲ್ಲ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು. ಕರಾವಳಿಯ ಗಾಳಿಯಲ್ಲಿ ತಣ್ಣಗಿನ ಕಾಗದದ ಮೇಲೆ ನಿಮಿಷದೊಳಗೆ ನೀರು ಕೂರುತ್ತದೆ. ಒಂದು ಇಡೀ ದಿನ ಹಾಗೇ ಬಿಟ್ಟರೆ ನೀರು ಚೀಲದ ಹೊರಗೆ ಕೂತು ಆರಿಹೋಗುತ್ತದೆ.

ಆಮೇಲೆ ಒಣ ಶುಚಿ. ಮೆತ್ತನೆಯ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಧೂಳು ತಳ್ಳಬೇಕು. ಉಳಿದ ಮಣ್ಣಿಗೆ ಬಿಳಿ ವಿನೈಲ್ ರಬ್ಬರನ್ನು ತುರಿಮಣೆಯಲ್ಲಿ ತುರಿದು, ಆ ಪುಡಿಯನ್ನು ಬೆರಳ ತುದಿಯಲ್ಲಿ ಹಗುರವಾಗಿ ಹೊರಳಿಸಿದೆ. ಕೆಲವು ಹಳ್ಳಿಯ ಹೆಸರಿನ ಪಕ್ಕ ಪೆನ್ಸಿಲಿನ ಸಣ್ಣ ಗುರುತುಗಳಿವೆ. ಮಾವನ ಅಜ್ಜನದ್ದಿರಬೇಕು. ಅವುಗಳ ಹತ್ತಿರ ರಬ್ಬರ್ ಒಯ್ಯಲಿಲ್ಲ. ಅದು ಕೊಳೆಯಲ್ಲ, ನಕ್ಷೆಯ ಮೇಲೆ ನಡೆದ ಕೆಲಸದ ದಾಖಲೆ.

ಟೇಪಿನ ಪ್ಲಾಸ್ಟಿಕ್ ಪದರ ಅರ್ಧ ತಾನಾಗಿಯೇ ಎದ್ದಿತ್ತು. ಉಳಿದದ್ದನ್ನು ಹೇರ್ ಡ್ರೈಯರಿನ ಸಣ್ಣ ಬಿಸಿಯಲ್ಲಿ, ತೆಳು ಸ್ಪ್ಯಾಚುಲಾ ಮಲಗಿಸಿ ತೆಗೆದೆ. ಕಷ್ಟ ಇರುವುದು ಉಳಿದ ಅಂಟಿನದ್ದು. ಅದು ರಬ್ಬರ್ ಜಾತಿಯ ಅಂಟು. ಗಾಳಿ ತಾಗಿ ಮೊದಲು ಜಿಗುಟಾಗುತ್ತದೆ, ನಾರಿನೊಳಗೆ ಇಳಿಯುತ್ತದೆ, ಕೊನೆಗೆ ಗಾಜಿನಷ್ಟು ಗಟ್ಟಿ. ಜಿಗುಟು ಇದ್ದಲ್ಲಿ ಅಂಟನ್ನು ಉಜ್ಜಿ ಎತ್ತುವ ಕ್ರೇಪ್ ರಬ್ಬರ್ ಸಾಕಾಯಿತು. ಗಟ್ಟಿಯಾದಲ್ಲಿ ಕಿಟಕಿ ತೆರೆದಿಟ್ಟು, ಹತ್ತಿಯ ಕಡ್ಡಿಯಲ್ಲಿ ಅಸಿಟೋನ್ ಮುಟ್ಟಿಸಿ, ಅಡಿಯಲ್ಲಿಟ್ಟ ಬ್ಲಾಟಿಂಗ್ ಪೇಪರಿಗೆ ಇಳಿಸಿದೆ. ಕಲೆ ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಕಲೆ ಇದ್ದರೆ ಇರಲಿ, ಅಂಟು ಇರಬಾರದು.

ನೀರು ಮುಟ್ಟಿಸುವ ಮೊದಲು ಪ್ರತಿ ಬಣ್ಣವನ್ನೂ ಪರೀಕ್ಷಿಸಬೇಕು. ಒಂದು ಹನಿ ನೀರು, ಅದರ ಮೇಲೆ ಬ್ಲಾಟಿಂಗ್ ಪೇಪರಿನ ಚೂರು, ಒಂದು ನಿಮಿಷ. ಅಚ್ಚಿನ ಬಣ್ಣಗಳು ಎಣ್ಣೆಯ ಶಾಯಿಯವು: ಕಾಂಟೂರಿನ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಯ) ಕಂದು, ಕಾಡಿನ ಹಸಿರು, ಮನೆ-ದಾರಿಯ ಕೆಂಪು, ನೀರಿನ ನೀಲಿ, ಒಂದೂ ಕದಲಲಿಲ್ಲ. ಬೆನ್ನಿನ ನೇರಳೆ ಸೀಲು ಮಾತ್ರ ಕೂಡಲೇ ಬಣ್ಣ ಬಿಟ್ಟಿತು. ಆ ತುಂಡಿನ ಬೆನ್ನಿಗೆ ಒಂದು ಹನಿ ನೀರೂ ಇಲ್ಲ, ಅಲ್ಲಿಯ ಬಟ್ಟೆಯನ್ನು ಇದ್ದ ಹಾಗೇ ಬಿಡುವುದು ಅಂತ ಅಲ್ಲೇ ತೀರ್ಮಾನಿಸಿದೆ. ಸೀಲಿನ ಶಾಯಿ ಸ್ಪಿರಿಟ್ಟಿಗೂ ಕರಗುವ ಜಾತಿ, ಅದರಿಂದ ಬೇರೆ ದ್ರಾವಣದ ದಾರಿಯೂ ಇಲ್ಲ.

ಅಂಟು

ಇಡೀ ಕೆಲಸದಲ್ಲಿ ಜಾಸ್ತಿ ಗಮನ ಕೇಳುವುದು ಅಂಟು. ಬೈಂಡಿಂಗ್ ಅಂಗಡಿಗಳಲ್ಲಿ ಮೈದಾ ಕುದಿಸಿ, ಹುಳ ಬಾರದಿರಲಿ ಅಂತ ಚಿಟಿಕೆ ಮೈಲುತುತ್ತು ಹಾಕುತ್ತಾರೆ. ಅಡಿಕೆಗೆ ಬೋರ್ಡೋ ಮದ್ದು ಬಿಡಲಿಕ್ಕೆ ನಾವು ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತು. ತೋಟಕ್ಕೆ ಅದು ಒಳ್ಳೆಯದೇ. ಆದರೆ ಅದರಲ್ಲಿರುವ ತಾಮ್ರ ಕಾಗದದ ನಾರನ್ನು ಬೇಗ ಸವೆಸುತ್ತದೆ. ವರ್ಷಗಳು ಕಳೆದ ಮೇಲೆ ಅಂಟು ಇದ್ದ ಜಾಗವೇ ಕಂದಾಗಿ ಉದುರುತ್ತದೆ. ಫೆವಿಕಾಲ್ ಬಗ್ಗೆ ಹೇಳುವುದೇ ಬೇಡ. ಅದು ಒಣಗಿದ ಮೇಲೆ ನೀರಿಗೆ ಸರಿಯಾಗಿ ಬಿಡುವುದಿಲ್ಲ.

ಬೇಕಾದದ್ದು ಗೋಧಿಯ ಪಿಷ್ಟ ಮಾತ್ರ. ಮೈದಾದಲ್ಲಿ ಪಿಷ್ಟದ ಜೊತೆ ಗ್ಲುಟೆನ್ ಉಂಟು. ಅದು ಹಳದಿಯಾಗುತ್ತದೆ, ಬಿರುಸಾಗುತ್ತದೆ, ಹುಳಕ್ಕೆ ಬಲು ಇಷ್ಟ. ಗ್ಲುಟೆನ್ ತೆಗೆಯುವ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇದೆ. ಗೋಧಿ ಹಲ್ವಕ್ಕೆ ಹಾಲು ತೆಗೆಯುವ ಕ್ರಮವೇ ಇದಕ್ಕೂ. ಬಂದರಿನ ಅಂಗಡಿಯಿಂದ ತಂದ ಮೈದಾವನ್ನು ಗಟ್ಟಿ ಕಲಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ನೀರಿನೊಳಗೆ ಹಿಚುಕುತ್ತಾ ಹೋಗಬೇಕು. ನೀರು ಬೆಳ್ಳಗಾಗುತ್ತದೆ. ಕೈಯಲ್ಲಿ ಎಳೆದರೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆ. ಅದು ಗ್ಲುಟೆನ್, ಅದನ್ನು ಬಿಸಾಡುವುದು. ಬಿಳಿ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ತಳದಲ್ಲಿ ಪಿಷ್ಟ ಗಟ್ಟಿಯಾಗಿ ಕೂತಿರುತ್ತದೆ. ಮೇಲಿನ ಹಳದಿ ನೀರು ಚೆಲ್ಲಿ, ಹೊಸ ನೀರು ಹಾಕಿ ಕಲಕಿ, ಮತ್ತೆ ಕೂರಿಸಬೇಕು. ಮೇಲಿನ ನೀರು ತಿಳಿಯಾಗುವವರೆಗೆ ಹೀಗೆ ಮಾಡುವುದು.

ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು. ಸಣ್ಣ ಉರಿ, ಮರದ ಸೌಟು, ಕೈ ಬಿಡದೆ ಗೊಟಾಯಿಸುವುದು. ಮೊದಲು ಹಾಲಿನಷ್ಟು ತೆಳು, ಆಮೇಲೆ ಒಮ್ಮೆಲೇ ಗಟ್ಟಿ. ಅಲ್ಲಿಗೆ ಆಯಿತು ಅಂತ ಇಳಿಸಬಾರದು. ಬಿಳಿ ಹೋಗಿ ಬಣ್ಣ ಸ್ವಲ್ಪ ಪಾರದರ್ಶಕವಾಗಿ, ಸೌಟು ಎತ್ತಿದರೆ ಅಂಟು ನಿಧಾನವಾಗಿ ಹಾಳೆಯ ಹಾಗೆ ಇಳಿಯಬೇಕು. ಅದಕ್ಕೆ ಅರ್ಧ ಗಂಟೆ ಬೇಕೇ ಬೇಕು. ಆರಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಚಮಚದ ಬೆನ್ನಿನಿಂದ ಉಜ್ಜಿ ಇಳಿಸಬೇಕು. ಒಂದು ಗಂಟು ಉಳಿದರೂ ಕಾಗದದ ಕೆಳಗೆ ಗುಬುಟಾಗಿ ಕಾಣುತ್ತದೆ. ಏನೂ ಮದ್ದು ಸೇರಿಸುವುದಿಲ್ಲ. ಫ್ರಿಜ್ಜಿನಲ್ಲಿ ಕೆಲವು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ ಹೊಸದು ಮಾಡುವುದು.

ಎದ್ದ ಅಂಚುಗಳಿಗೆ ಈ ಅಂಟನ್ನು ನೀರು ಹಾಕಿ ತೆಳು ಮಾಡಿ, ಸಣ್ಣ ಬ್ರಷ್ಷಿನಲ್ಲಿ ಕಾಗದದ ಕೆಳಗೆ ತೂರಿಸಿದೆ. ಮೇಲೆ ದರ್ಜಿಗಳು ಕಾಲರಿಗೆ ಹಾಕುವ ನಾನ್-ವೋವನ್ ಬಟ್ಟೆ. ಗಮ್ ಇಲ್ಲದ್ದು ಅಂತ ಅಂಗಡಿಯಲ್ಲಿ ಕೇಳಿ ತರಬೇಕು. ಅದರ ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ದಪ್ಪ ಗಾಜು. ಮೊದಲ ಒಂದು ಗಂಟೆಯಲ್ಲಿ ಬ್ಲಾಟಿಂಗ್ ಪೇಪರನ್ನು ಪದೇ ಪದೇ ಬದಲಾಯಿಸಬೇಕು.

ಕಾಗದದ ಸಣ್ಣ ಹರಕುಗಳಿಗೆ ಜಪಾನಿನ ಕೋಝೋ ಟಿಶ್ಯೂ (ಕೋಝೋ ಗಿಡದ ನಾರಿನ ತೆಳು ಕಾಗದ), ಚದರ ಮೀಟರಿಗೆ 9 ಗ್ರಾಮಿನದ್ದು. ಕತ್ತರಿ ಹಾಕಬಾರದು. ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು ಅದರ ಉದ್ದಕ್ಕೆ ಎಳೆದರೆ ಅಂಚಿನಲ್ಲಿ ಉದ್ದ ನಾರುಗಳು ಹೊರಗೆ ಉಳಿಯುತ್ತವೆ. ಹಿಡಿತ ಕೊಡುವುದು ಆ ನಾರುಗಳು. ಬಟ್ಟೆಯ ದೊಡ್ಡ ಹರಕಿಗೆ ಹಳೆಯ ಮಲ್‌ಮಲ್. ಗಂಜಿ ಪೂರ್ತಿ ಹೋಗುವಂತೆ ಕುದಿಸಿ ಒಗೆದು, ಎರಡು ಬೆರಳಗಲದ ಪಟ್ಟಿ ಮಾಡಿ, ಮಡಿಕೆಯ ಬೆನ್ನಿಗೆ ದಪ್ಪ ಅಂಟಿನಲ್ಲಿ ಕೂರಿಸಿದೆ. ಹಳೆಯ ಬಟ್ಟೆಯನ್ನು ತೆಗೆದು ಹೊಸ ಬಟ್ಟೆಗೆ ಏರಿಸುವ ಯೋಚನೆ ನನಗೆ ಬರಲೇ ಇಲ್ಲ. ಆ ಬಟ್ಟೆಯೂ ನಕ್ಷೆಯ ಭಾಗವೇ ಅಲ್ವಾ?

ಹೋದ ಮೂಲೆಗೆ ಅದೇ ದಪ್ಪದ ಕೈಕಾಗದ ತುಂಬಿಸಿದೆ. ಹಳೆಯದರ ಬಣ್ಣ ಬರಲಿ ಅಂತ ಚಹಾದಲ್ಲಿ ಅದ್ದುವವರು ಇದ್ದಾರೆ, ಅದು ಬೇಡ. ಚಹಾದಲ್ಲಿ ಟ್ಯಾನಿನ್ ಇದೆ, ಆಮ್ಲದ ಗುಣ. ಅಕ್ರಿಲಿಕ್ ಬಣ್ಣವನ್ನು ತುಂಬ ನೀರು ಮಾಡಿ ಹಚ್ಚಿದರೆ ಸಾಕು. ಆ ತೇಪೆಯ ಮೇಲೆ ಗೆರೆ ಎಳೆಯಲಿಲ್ಲ. ಬೇರೆ ನಕ್ಷೆ ನೋಡಿ ಹಳ್ಳವನ್ನು, ದಾರಿಯನ್ನು ಮುಂದುವರಿಸಬಹುದಿತ್ತು, ನೋಡಲಿಕ್ಕೂ ಚೆಂದ ಇರುತ್ತಿತ್ತು. ಆದರೆ ಅಂದಿನ ಸರ್ವೆಯವರು ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿ ಹಾಕಿದ ಗೆರೆಯ ಪಕ್ಕ ನನ್ನ ಊಹೆಯ ಗೆರೆ ನಿಲ್ಲಬಾರದು.

ಕಂಪ್ಯೂಟರಿನಲ್ಲಿ ಜೋಡಿಸಿದ್ದು

ಪ್ಲಾನ್ ಪ್ರಿಂಟ್ ಅಂಗಡಿಯ ದೊಡ್ಡ ಸ್ಕ್ಯಾನರಿಗೆ ಇದನ್ನು ಕೊಡಬಾರದು. ರೋಲರ್ ಹಾಳೆಯನ್ನು ಎಳೆದುಕೊಳ್ಳುತ್ತದೆ. ಮೇಜಿನ ಮೇಲೆ ಚಪ್ಪಟೆ ಇಟ್ಟು, ಕ್ಯಾಮರಾ ನೇರ ಮೇಲೆ, ಎರಡು ಬದಿಯಿಂದ ಓರೆ ಬೆಳಕು, ಒಂದೊಂದು ತುಂಡಿನ ಫೋಟೋ ತೆಗೆದೆ. ಇಂಚಿಗೆ 400 ಚುಕ್ಕೆ ಬರುವಷ್ಟು ಹತ್ತಿರ. ಆಗ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 4 ಮೀಟರ್.

ಎಂಟು ತುಂಡಿನ ನಕ್ಷೆಯನ್ನು ಒಟ್ಟಿಗೆ ಫೋಟೋ ತೆಗೆದು ನೇರ ಜಿಪಿಎಸ್‌ಗೆ ಕೂರಿಸಿದರೆ ಲೆಕ್ಕ ತಪ್ಪುತ್ತದೆ. ತುಂಡುಗಳ ನಡುವಿನ ಸಂದು ನೆಲವಲ್ಲ. 1 ಮಿಲಿಮೀಟರ್ ಅಂದರೆ 63 ಮೀಟರ್. 3 ಮಿಲಿಮೀಟರಿನ ಒಂದು ಸಂದು 190 ಮೀಟರ್ ಇಲ್ಲದ ಊರನ್ನು ಸೇರಿಸುತ್ತದೆ. ಅದಕ್ಕೆ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ತುಂಡುಗಳನ್ನು ಬೇರೆ ಮಾಡಿ, ಕಾಂಟೂರ್ ಗೆರೆಗೆ ಗೆರೆ, ಹಳ್ಳಕ್ಕೆ ಹಳ್ಳ ಕೂಡಿಸಿ ಒಂದು ಹಾಳೆ ಮಾಡಿದೆ. ಸರಿಯಾಯಿತಾ ಅಂತ ನೋಡಲಿಕ್ಕೆ ಒಂದು ಅಳತೆ ಉಂಟು. ಈ ಅಕ್ಷಾಂಶದಲ್ಲಿ 15 ಮಿನಿಟಿನ ಎತ್ತರ ಒಂದಿಂಚಿನ ನಕ್ಷೆಯಲ್ಲಿ 43.65 ಸೆಂ.ಮೀ., ಕೆಳಗಿನ ಅಗಲ 42.80 ಸೆಂ.ಮೀ. ಬರಬೇಕು. ಮೇಲಿನ ಅಗಲ ಕೆಳಗಿನದಕ್ಕಿಂತ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ರೇಖಾಂಶಗಳು ಉತ್ತರಕ್ಕೆ ಹೋಗುತ್ತಾ ಹತ್ತಿರವಾಗುವುದು ಈ ಸಣ್ಣ ಹಾಳೆಯಲ್ಲೂ ಅಳೆಯಲು ಸಿಗುತ್ತದೆ. ಅದನ್ನು ಸ್ಕೇಲಿನಲ್ಲಿ ನೋಡಿದಾಗ ನನಗೆ ಬಹಳ ಖುಷಿಯಾಯಿತು.

ನಕ್ಷೆಯ ತಂತ್ರಾಂಶ ಕ್ಯುಜಿಐಎಸ್‌ನಲ್ಲಿ, ಚಿತ್ರವನ್ನು ಭೂಮಿಯ ಮೇಲಿನ ಜಾಗಕ್ಕೆ ಕೂರಿಸುವ ಜಿಯೋರೆಫರೆನ್ಸರಿನಲ್ಲಿ, 5 ಮಿನಿಟಿನ ಗೆರೆಗಳು ಕೂಡುವ ಜಾಗಗಳನ್ನು ಹಿಡಿಯಬೇಕು. ಒಟ್ಟು 16, ಗೆದ್ದಲು ತಿಂದ ಮೂಲೆ ಬಿಟ್ಟರೆ 15. ಇಲ್ಲಿ ಇಂದಿನ ಜಿಪಿಎಸ್ ಬಳಸುವ ಅಳತೆಯಾದ ಡಬ್ಲ್ಯುಜಿಎಸ್ 84 ಅಂತ ಕೊಡಬಾರದು. ಈ ನಕ್ಷೆಗಳ ಲೆಕ್ಕ ಭೂಮಿಯ ಆಕಾರಕ್ಕೆ 1830ರ ಎವರೆಸ್ಟ್ ಗೋಳ ಹಿಡಿದು, ಕಲ್ಯಾಣಪುರ ಡೇಟಮ್‌ನಲ್ಲಿ, ಅಂದರೆ ಕಲ್ಯಾಣಪುರವನ್ನು ಅಳತೆಯ ಮೂಲಬಿಂದು ಮಾಡಿಕೊಂಡು. ಇದು ನಮ್ಮ ಉಡುಪಿ ಪಕ್ಕದ ಕಲ್ಯಾಣಪುರ ಅಲ್ಲ, ಮಧ್ಯಪ್ರದೇಶದ್ದು. ನಾನು ತಂತ್ರಾಂಶದಲ್ಲಿ ಈ ಡೇಟಮ್‌ನ ಸಂಕೇತ ಇಪಿಎಸ್‌ಜಿ 4146 ಇಟ್ಟು, ಡಬ್ಲ್ಯುಜಿಎಸ್ 84ಕ್ಕೆ ಬದಲಿಸಲು ಎಕ್ಸ್, ವೈ, ಝಡ್ ದಿಕ್ಕಿಗೆ 295, 736, 257 ಮೀಟರಿನ ಅಂಕಿ ಬಳಸಿದೆ. ಇದನ್ನು ಬಿಟ್ಟರೆ ನಮ್ಮ ಕಡೆ ಇಡೀ ನಕ್ಷೆ ಸುಮಾರು 180 ಮೀಟರ್ ಆಗ್ನೇಯಕ್ಕೆ ಸರಿದು ಕೂರುತ್ತದೆ. ನಿಮ್ಮ ಹತ್ತಿರ 1905ಕ್ಕಿಂತ ಹಳೆಯ ಹಾಳೆ ಇದ್ದರೆ ಇನ್ನೊಂದು ತಿದ್ದುಪಡಿ ಬೇಕು. ಆಗಿನ ರೇಖಾಂಶದಿಂದ 2 ಮಿನಿಟು 27 ಸೆಕೆಂಡು ಕಳೆಯಬೇಕು. ಅದು ಇಲ್ಲಿ 4 ಕಿಲೋಮೀಟರಿಗೂ ಜಾಸ್ತಿ.

ಚಿತ್ರವನ್ನು ಪ್ರತಿ ಬಿಂದುವಿಗೂ ಬಗ್ಗಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಲೆಕ್ಕ ಹಾಕಿದರೆ ಎಲ್ಲ ಬಿಂದುಗಳೂ ತಪ್ಪಿಲ್ಲದೆ ಕೂತ ಹಾಗೆ ಕಾಣುತ್ತವೆ, ಎಲ್ಲಿ ಕಾಗದ ಎಳೆದುಕೊಂಡಿದೆ ಅನ್ನುವುದು ಮುಚ್ಚಿಹೋಗುತ್ತದೆ. ಅದಕ್ಕೆ ಇಡೀ ಹಾಳೆಯನ್ನು ಒಂದೇ ಸಮ ತಿದ್ದುವ ಮೊದಲ ದರ್ಜೆಯ ಪಾಲಿನೋಮಿಯಲ್ ಇಟ್ಟೆ. ಪರೀಕ್ಷೆಗೆ ಗಡಾಯಿಕಲ್ಲು. ಅದು ಒಂದೇ ಬಂಡೆ, ನೂರು ವರ್ಷದಲ್ಲಿ ಜಾಗ ಬದಲಿಸಿಲ್ಲ. ಉಪಗ್ರಹದ ಚಿತ್ರದ ಮೇಲೆ ಅದು ಅರ್ಧ ಮಿಲಿಮೀಟರಿನೊಳಗೆ ಕೂತಿತು, ಅಂದರೆ 30 ಮೀಟರಿನ ಆಚೀಚೆ.

ಈ 30 ಮೀಟರನ್ನು ನೆನಪಿಟ್ಟುಕೊಂಡೇ ಹೊಳೆಯ ಬಗ್ಗೆ ಮಾತಾಡಬೇಕು. ಮಾವನ ತೋಟದ ಹತ್ತಿರ ಹಳೆಯ ನಕ್ಷೆಯಲ್ಲಿ ಮೃತ್ಯುಂಜಯ ಎರಡು ಕವಲಾಗಿ ಹರಿದು ಕೆಳಗೆ ಮತ್ತೆ ಕೂಡುತ್ತದೆ. ಇವತ್ತು ನೀರು ಇರುವುದು ಒಂದರಲ್ಲೇ. ಇನ್ನೊಂದು ಕವಲು ಬಿದ್ದ ಜಾಗದಲ್ಲಿ ಅಡಿಕೆ ಇತ್ತು. 2019ರಲ್ಲಿ ಮರಳು ಬಂದು ಕೂತದ್ದು ಆ ಸಾಲಿನಲ್ಲೇ. ಎರಡು ಕವಲಿನ ಅಂತರ 30 ಮೀಟರಿಗಿಂತ ಎಷ್ಟೋ ಜಾಸ್ತಿ ಇರುವುದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಬೇಲಿ ಎಲ್ಲಿ, ಗಡಿ ಯಾರದ್ದು ಅನ್ನುವುದಕ್ಕೆ ಈ ನಕ್ಷೆ ಆಗುವುದಿಲ್ಲ. ಅದಕ್ಕೆ ಸರ್ವೆ ಇಲಾಖೆಯ ಎಫ್‌ಎಂಬಿ (ಒಂದೊಂದು ಸರ್ವೆ ನಂಬರಿನ ಗಡಿ ಅಳತೆಯ) ನಕ್ಷೆಯೇ ಬೇಕು. ಮಾವನಿಗೂ ಇದನ್ನು ಬಿಡಿಸಿ ಹೇಳಿದ್ದೇನೆ.

ನಕ್ಷೆ ಈಗ ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ, ಬಿಡಿಸಿದ ಸ್ಥಿತಿಯಲ್ಲೇ, ಮರದ ಡ್ರಾಯರಿನಲ್ಲಿದೆ. ಕವರು ಪಿವಿಸಿಯದ್ದಾಗಬಾರದು. ಹೊರಗೋಡೆಗೆ ತಾಗಿದ ಕಪಾಟು ಬೇಡ, ಹಂಚಿನ ಕೆಳಗಿನ ಅಟ್ಟವೂ ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡುವುದು.

ಘಟ್ಟದ ಈಚೆಯ ಹೊಳೆಗಳೆಲ್ಲ ಹಾಳೆಯ ತೆಂಕಣ ಅಂಚಿನಿಂದ ಕೆಳಗಿಳಿದು 48 ಪಿ/5ಕ್ಕೆ ಹೋಗುತ್ತವೆ. ಧರ್ಮಸ್ಥಳದ ಹತ್ತಿರದ ನೇತ್ರಾವತಿ ಆ ಹಾಳೆಯಲ್ಲಿದೆ. ಬೆಳ್ತಂಗಡಿ, ಉಪ್ಪಿನಂಗಡಿ ಕಡೆಯ ಯಾರ ಮನೆಯ ಟ್ರಂಕಿನಲ್ಲಾದರೂ ಅದರ ಹಳೆಯ ಪ್ರತಿ ಇದ್ದರೆ, ಒತ್ತಿ ಬಿಡಿಸಲು ಹೋಗಬೇಡಿ, ಇಸ್ತ್ರಿ ಹಾಕಬೇಡಿ. ಎಷ್ಟು ತೆರೆಯುತ್ತದೋ ಅಷ್ಟೇ ತೆರೆದು, ಮೇಲಿಂದ ನೇರವಾಗಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದಿಡಿ. ಅಂಚಿನ ಡಿಗ್ರಿ, ಮಿನಿಟಿನ ಅಂಕಿಗಳು ಫೋಟೋದಲ್ಲಿ ಬಂದಿದ್ದರೆ ಉಳಿದದ್ದನ್ನು ಜೋಡಿಸಬಹುದು.